ಅತ್ತೆಯ ಅಂಗೈ

ಲಾರಿ ಒಂದೋ ಎರಡೋ, ಒಂದರ ಪಕ್ಕ ಒಂದು ಅಂಟಿಕೊಂಡು ಹೋಗುತ್ತಿವೆ, ಎರಡರ ಹಿಂದೆಯೂ ಅದೇ ನಿಂಬೆಹಣ್ಣು ಅದೇ ಮೆಣಸಿನಕಾಯಿ ತೂಗುತ್ತಿದೆ, ಗುಂಡಿ ಬಂದಾಗ ಎರಡೂ ಒಂದೇ ಸಲ ಎಡಕ್ಕೆ ವಾಲುತ್ತವೆ, ಹಾಗಾದರೆ ಲಾರಿ ಒಂದೇ, ಎರಡಾಗಿರುವುದು ನನ್ನ ಕಣ್ಣು — ಒಂದು ಕಣ್ಣು ಮುಚ್ಚಿದರೆ ಒಂದು ಲಾರಿ, ತೆರೆದರೆ ಜೋಡಿ, ಇದೊಂದು ಆಟವಾಗಿದೆ ನನಗೆ, ಬಾಳ್ಳುಪೇಟೆಯಿಂದ ಹೊರಟಾಗಿನಿಂದ ಆಡುತ್ತಿದ್ದೇನೆ, ಜೀಪಿನ ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ನನ್ನ ತಲೆ, ಮೇಲೆ ನೋಡಿದರೆ ಇಬ್ಬರು ಅತ್ತೆಯರು, ಎರಡು ಮೂಗುಬಟ್ಟು, ಎರಡು ಸಾಲು ವಿಭೂತಿ, ಒಬ್ಬ ಅತ್ತೆಯನ್ನು ಅರ್ಥ ಮಾಡಿಕೊಳ್ಳುವುದಕ್ಕೇ ಅರ್ಧ ಆಯುಷ್ಯ ಹಿಡಿಯಿತು, ಈಗ ಶಿವ ಇನ್ನೊಬ್ಬರನ್ನು ದಯಪಾಲಿಸಿದ್ದಾನೆ — ಇದನ್ನು ಹೇಳಿದರೆ ಅತ್ತೆ ನಗುತ್ತಿದ್ದರು, ಥೂ ನಿನ್ ಬಾಯಿಗೆ ಬೆಂಕಿ ಬೀಳ ಎಂದು ತಲೆಗೆ ಮೊಟಕುತ್ತಿದ್ದರು, ಹೇಳೋಣ ಎಂದು ಬಾಯಿ ತೆರೆದೆ, ಬಂದದ್ದು ಬಾಗಿಲು. ಬಾಗಿಲು, ಬಾಗಿಲು. ಇನ್ನೊಮ್ಮೆ ಪ್ರಯತ್ನಿಸಿದರೂ ಅದೇ. ಬಾಗ್ಲು ಹಾಕೈತೆ ಕಣೆ ಜಗ್ದಿ, ಬಿದ್ದೋಗಲ್ಲ, ಸುಮ್ಕೆ ಮಲ್ಕೊ ನನ್ ಮಗಳೆ, ಹಾಸನ ಬಂದೇಬುಡ್ತು ಎನ್ನುತ್ತಾರೆ ಅತ್ತೆ, ಮುಂದೆ ಸ್ಟೇರಿಂಗ್ ಹಿಡಿದಿರುವ ಇವರು ತಿರುಗಿ ನೋಡುತ್ತಾರೆ, ಇವರೂ ಇಬ್ಬರು, ಗಡ್ಡ ಮಾತ್ರ ಇಬ್ಬರೂ ಬೋಳಿಸಿಲ್ಲ, ರೀ ರಸ್ತೆ ನೋಡ್ರಿ ಎನ್ನಬೇಕು ನಾನು, ಅನ್ನಲಾರೆ, ದಾರಿ ನಡುವಿನ ಪಾಳ್ಯವೇ ಇನ್ನೂ ಬಂದಿಲ್ಲ ಎಂದೂ ಅನ್ನಲಾರೆ. ಮನಸ್ಸಿನೊಳಗೆ ಮಾತು ಎಲ್ಲ ಸರಿಯಾಗಿಯೇ ಇದೆ, ಬಾಯಿಗೆ ಬರುವಷ್ಟರಲ್ಲಿ ಯಾರೋ ಬದಲಾಯಿಸಿ ಇಡುತ್ತಿದ್ದಾರೆ.

ಬಲಗೈ ಎಲ್ಲಿದೆಯೋ ಗೊತ್ತಿಲ್ಲ, ನನ್ನ ಮೈಕೆಳಗೆ ಸಿಕ್ಕಿಕೊಂಡಿರಬೇಕು, ಎಡಗೈ ಇದೆ, ಅತ್ತೆಯ ಸೆರಗು ಹಿಡಿದುಕೊಂಡಿದೆ. ತಲೆನೋವು ಶುರುವಾದದ್ದು ಎಡಗಿವಿಯ ಹಿಂದೆ, ಶ್ರಾವಣದ ಮೊದಲಿನಲ್ಲಿ, ಒಂದು ಸಣ್ಣ ಹಿಡಿತ ಅಷ್ಟೆ, ಹೊಸ ಮನೆಗೆ ಸುಣ್ಣ ಬಣ್ಣ ಆಗುತ್ತಿತ್ತು, ಬಣ್ಣದ ವಾಸನೆಗೆ ಎಂದುಕೊಂಡೆ, ಆಮೇಲೆ ಬಣ್ಣ ಒಣಗಿತು, ನೋವು ಒಣಗಲಿಲ್ಲ. ಎಲ್ಲರ ತಲೆನೋವೂ ಮಲಗಿದರೆ ಇಳಿಯುತ್ತದೆ, ನನ್ನದು ಮಲಗಿದರೆ ಏಳುತ್ತಿತ್ತು, ಕೂತರೆ ಒಂದಿಷ್ಟು ವಾಸಿ, ಬಗ್ಗಿ ಒಲೆ ಊದಿದರೆ ಕಣ್ಣಿನ ಹಿಂದೆ ಒತ್ತಿದ ಹಾಗೆ, ಕೆಮ್ಮಿದರೆ ನೆತ್ತಿ ಬಿರಿದು ಹೋಗುವ ಹಾಗೆ, ಬೆಳಿಗ್ಗೆ ಎದ್ದ ಕೂಡಲೇ ವಾಂತಿ — ಪಿತ್ತ ಕಣೆ ಅದು, ಎಂದರು ಅತ್ತೆ, ಶುಂಠಿ ಲವಂಗ ತೇಯ್ದು ಹಣೆಗೆ ಹಚ್ಚಿದರು, ಹೊಸ ಮನೆ ಕಟ್ಟೀವಿ ಯಾರ್ ಕಣ್ಣು ಬಿತ್ತೋ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಆ ಘಾಟಿಗೆ ಕೆಮ್ಮು ಬಂದು ನಾನು ತಲೆ ಹಿಡಿದುಕೊಂಡು ಕೂತೆ, ನೋಡ್ದಾ, ದೃಷ್ಟಿ ಎಷ್ಟೈತೆ ಅಂತ, ಎಂದು ಅವರಿಗೆ ಸಮಾಧಾನ. ನಗು ಬಂತು ನನಗೆ, ಆ ನೋವಿನಲ್ಲೂ. ನಮ್ಮ ಅತ್ತೆ ಈರಮ್ಮನಿಗೆ ಪ್ರಪಂಚದ ಎಲ್ಲ ಕಾಯಿಲೆಗೂ ಔಷಧಿ ಗೊತ್ತು, ಅವರ ಬಿ.ಪಿ. ಒಂದನ್ನು ಬಿಟ್ಟು. ಅದಕ್ಕೆ ನಾನೇ ಬೇಕು. ಸಂಜೆ ದೀಪ ಹಚ್ಚಿ, ಲಿಂಗಪೂಜೆ ಮುಗಿಸಿ, ಟೀವಿಯ ಮುಂದೆ ಕೂತು ಧಾರಾವಾಹಿಯಿಂದ ಕಣ್ಣು ಕೀಳದೆ ಬಲಗೈ ಚಾಚುತ್ತಾರೆ, ಅಂಗೈ ಮೇಲೆ ಮಾಡಿ, ನಾನು ಬೆಳ್ಳಿ ಬಣ್ಣದ ಹಾಳೆಯಿಂದ ಮಾತ್ರೆ ಟಕ್ ಎಂದು ಒತ್ತಿ ಬೀಳಿಸುತ್ತೇನೆ, ಆ ಅಂಗೈಯ ನಡುವೆ ಒಂದು ತಗ್ಗು ಇದೆ, ಹಳೆಯ ಒರಳಿನ ಹಾಗೆ ಸವೆದ ತಗ್ಗು, ಮಾತ್ರೆ ಅಲ್ಲಿ ಬಿದ್ದರೆ ಉರುಳುವುದಿಲ್ಲ, ಗೀರುಗಳಲ್ಲಿ ಅರಿಶಿನ, ವಿಭೂತಿ, ಕಾಫಿಬೀಜ ಆರಿಸಿದ ಕಪ್ಪು. ನೀನು ಒತ್ತಿಕೊಟ್ರೇ ಅದು ಕೆಲ್ಸ ಮಾಡಾದು, ನಾನೇ ಕಿತ್ಕಂಡ್ರೆ ಬರೀ ಸುಣ್ಣದುಂಡೆ, ಎನ್ನುತ್ತಾರೆ. ಸುಳ್ಳು. ಅವರಿಗೆ ಹಾಳೆಯಿಂದ ಮಾತ್ರೆ ಬಿಡಿಸಲು ಬರುವುದಿಲ್ಲ, ಉಗುರಿನಿಂದ ಪುಡಿ ಮಾಡುತ್ತಾರೆ, ಒಪ್ಪಿಕೊಳ್ಳಲು ಜಂಬ.

ಅದೇ ಹೊತ್ತಿನಲ್ಲಿ, ಅವರಿಗೆ ಕೊಟ್ಟು ಒಳಗೆ ಬಂದು, ನಾನೂ ಒಂದು ನುಂಗುತ್ತಿದ್ದೆ. ಇದು ಯಾರಿಗೂ ಗೊತ್ತಿಲ್ಲ. ಅತ್ತೆಗೆ ಗೊತ್ತಿಲ್ಲ, ಇವರಿಗಂತೂ ಇಲ್ಲ. ಮೆಂತ್ಯದ ಡಬ್ಬಿಯೊಳಗೆ ಇಟ್ಟಿದ್ದೆ, ಅತ್ತೆಗೆ ಮೆಂತ್ಯ ಕಂಡರಾಗದು, ಆ ಡಬ್ಬಿ ಮುಟ್ಟುವುದಿಲ್ಲ. ದಿನ ಮುಂದಕ್ಕೆ ಹಾಕುವ ಮಾತ್ರೆ. ಅಂಗನವಾಡಿಯ ಚಂದ್ರಿಕಾ ಬೆಳಗೋಡಿನ ಬಸ್ಸಿನಲ್ಲಿ ಪಕ್ಕ ಕೂತು ಕಿವಿಯಲ್ಲಿ ಹೇಳಿದ್ದು, ಅಯ್ಯೋ ಜಗದಕ್ಕ ಇವಾಗ ಯಾರು ಕ್ಯಾಲೆಂಡರ್ ನೋಡ್ತಾರೆ, ಮದ್ವೆ ಮುಂಜಿ ಯಾತ್ರೆ ಏನಿದ್ರೂ ಒಂದು ಗುಳಿಗೆ, ಮುಗೀತು. ಮೆಡಿಕಲ್ ಶಾಪಿನವನು ಪೇಪರಿನಲ್ಲಿ ಸುತ್ತಿ ಕೊಟ್ಟ, ನಾಲ್ಕೈದು ದಿನ ತಗೊಳ್ಳಿ ಅಕ್ಕ, ಸಾಕು, ಎಂದ, ನಾನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ, ಕದ್ದ ಬಂಗಾರ ತಂದವಳ ಹಾಗೆ. ಹೊಸ ಮನೆಗೆ ಸ್ವಾಮಿಗಳು ಪಾದಪೂಜೆಗೆ ಬರುತ್ತಾರೆ, ಅತ್ತೆಯ ಜೀವಮಾನದ ಆಸೆ ಅದು, ಸ್ವಂತ ಮನೆಯಲ್ಲಿ ಗುರುಗಳ ಪಾದ ತೊಳೆಯಬೇಕು ಎಂದು, ಮಾವ ಇದ್ದಾಗ ಆಗಲಿಲ್ಲ, ಕಾಫಿ, ಮೆಣಸು ಕೊಳ್ಳುವ ನಮ್ಮ ಅಂಗಡಿಯ ಹಿಂದಿನ ಬಾಡಿಗೆ ಮನೆಯಲ್ಲಿ ಸ್ವಾಮಿಗಳನ್ನು ಎಲ್ಲಿ ಕೂರಿಸುವುದು, ಕಾಫಿ ಮೂಟೆಯ ಮೇಲೆಯೇ? ಈಗ ಮನೆಯಾಗಿದೆ, ಸೊಸೆ ನೀರೆರೆಯಬೇಕು, ಮಗ ಪಾದ ತೊಳೆಯಬೇಕು, ಆ ದಿನ ನಾನು ಹೊರಗಾದರೆ? ನನ್ನ ಮೈಯ ಲೆಕ್ಕ ಈಚೆಗೆ ನನಗೇ ಹತ್ತುತ್ತಿರಲಿಲ್ಲ, ಬಂದರೆ ಹೋಗದು, ಹೋದರೆ ಯಾವಾಗ ಬರುವುದೋ ಗೊತ್ತಿಲ್ಲ, ಈ ವಯಸ್ಸೇ ಹಾಗಂತೆ.

ಹೊರಗಾಗುವುದು ಎಂದರೆ ಏನು ಎಂದು ನನಗೆ ಮದುವೆಯಾಗಿ ಬರುವ ತನಕ ಗೊತ್ತಿರಲಿಲ್ಲ, ಬೆಳಗೋಡಿನಲ್ಲಿ ನಮ್ಮಪ್ಪ ಚನ್ನಬಸವಯ್ಯ ಮೇಷ್ಟರ ಮನೆಯಲ್ಲಿ ಅಂಥದ್ದು ಇರಲಿಲ್ಲ, ಕೊರಳಲ್ಲಿ ಲಿಂಗ ಇದ್ಮೇಲೆ ಸೂತಕ ಎಂಥದಮ್ಮ, ಹೋಗು, ಕಾಫಿ ಮಾಡ್ಕೊಂಡು ಬಾ, ಎನ್ನುತ್ತಿದ್ದರು ಅಪ್ಪ, ಈ ಮನೆಗೆ ಬಂದ ಮೊದಲ ತಿಂಗಳೇ ಅತ್ತೆ ಚಾಪೆ, ಲೋಟ, ತಟ್ಟೆ ಎತ್ತಿ ಹಿಂದಿನ ಸ್ಟೋರಿನಲ್ಲಿ ಇಟ್ಟರು, ಒಣಗಿದ ಕಾಫಿ ಹಣ್ಣಿನ ಮೂಟೆ ಪೇರಿಸಿದ ಸ್ಟೋರು, ಹುಳಿ ಹುಳಿ ಗೋಣಿಯ ವಾಸನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದುಕೊಂಡು ಹೋಗಿ ಕೂತೆ. ಗಂಡಸರ ಮುಂದೆ ಆ ಮಾತನ್ನೂ ಆಡುತ್ತಿರಲಿಲ್ಲ ಅತ್ತೆ, ಜಗ್ದಿಗೆ ಕಾಗೆ ಮುಟ್ಟೈತೆ ಎನ್ನುತ್ತಿದ್ದರು, ಅದನ್ನೂ ಗೋಡೆಯ ಕಡೆ ಮುಖ ಮಾಡಿ, ಪಾಪ ಬಾಳ್ಳುಪೇಟೆಯ ಕಾಗೆಗಳಿಗೆ ಬೇರೆ ಕೆಲಸವೇ ಇರಲಿಲ್ಲ. ಮೈದುನನ ಮದುವೆಯಲ್ಲಿ ಅರಿಶಿನದ ದಿನವೇ ನಾನು ಹೊರಗಾದೆ, ಮನೆ ತುಂಬ ಜನ, ಓಲಗ ಊದುತ್ತಿದ್ದಾರೆ, ನಾನು ಮೂಟೆಗಳ ನಡುವೆ ಕೂತು ತಾಳ ಹಾಕುತ್ತಿದ್ದೇನೆ, ಆಗ ಹಿಂದಿನ ಕಿಟಕಿಯಲ್ಲಿ ಅತ್ತೆಯ ಕೈ ಬಂತು, ಬಾಳೆಲೆಯ ಮೇಲೆ ಹೋಳಿಗೆ, ಕಾವಲಿಯಿಂದ ಇಳಿದ ಮೊದಲನೇ ಹೋಳಿಗೆ, ದೇವರಿಗಿಟ್ಟಿಲ್ಲ, ಬೀಗರಿಗಿಟ್ಟಿಲ್ಲ, ಮುಟ್ಟಬಾರದೆಂದು ಮೇಲಿನಿಂದ ಹಾಕಿದರು, ಆದರೂ ಮೊದಲನೆಯದು ನನಗೆ. ನೀನಿಲ್ದೆ ನನ್ ಕೈಯೇ ಓಡ್ತಿಲ್ಲ ಕಣೆ, ಎಂದು ಕಿಟಕಿಯ ಆಚೆ ನಿಂತು ಅತ್ತರು. ನಿಯಮ ಮಾಡಿದವರೂ ಅವರೇ, ಅಳುವವರೂ ಅವರೇ, ಇಂಥವರ ಮೇಲೆ ಎಲ್ಲಿ ಕೋಪ ಮಾಡಿಕೊಳ್ಳುವುದು, ನಾನು ಹೋಳಿಗೆ ತಿಂದೆ, ಅಂಥ ಹೋಳಿಗೆ ಮತ್ತೆ ತಿಂದಿಲ್ಲ. ಆ ಕೈ ಓಡಬೇಕು ಎಂದೇ ಈ ಮಾತ್ರೆ, ಬೇರೆ ಏನೂ ಅಲ್ಲ.

ಮೊದಲನೇ ಸೋಮವಾರ ಬರುತ್ತೇವೆ ಎಂದರು ಸ್ವಾಮಿಗಳು, ಮಠದಿಂದ ಫೋನು, ಅವರಿಗೆ ಮಂಡಿನೋವು, ಮುಂದಿನ ಸೋಮವಾರ, ಆ ಸೋಮವಾರ ದೋಣಿಗಲ್ಲಿನಲ್ಲಿ ದಾಯಾದಿ ಸಿದ್ದಯ್ಯ ತೀರಿಕೊಂಡರು, ಪುಣ್ಯಾತ್ಮ, ಇಷ್ಟು ವರ್ಷ ಬದುಕಿದ್ದವರು ಇನ್ನೊಂದು ವಾರ ತಡೆಯಬಾರದಿತ್ತೇ, ಸೂತಕ ಕಳೆಯಲಿ ಎಂದು ಮತ್ತೆ ಮುಂದಕ್ಕೆ, ಸ್ವಾಮಿಗಳು ಮುಂದಕ್ಕೆ ಹೋದ ಹಾಗೆಲ್ಲ ನನ್ನ ದಿನವನ್ನೂ ಮುಂದಕ್ಕೆ ನೂಕುತ್ತ ಬಂದೆ, ನಾಲ್ಕೈದು ದಿನ ಎಂದ ಮಾತ್ರೆ ಶ್ರಾವಣವನ್ನೆಲ್ಲ ನುಂಗಿತು, ಹಾಳೆ ಖಾಲಿಯಾದರೆ ಹೊಸ ಹಾಳೆ, ಟಕ್. ಸೋಮವಾರ ಉಪವಾಸ, ಗುಟುಕು ನೀರೂ ಇಲ್ಲದ ಉಪವಾಸ, ಉಳಿದ ದಿನವೂ ನೀರು ಕುಡಿಯಲು ಪುರಸೊತ್ತೆಲ್ಲಿ, ಚಕ್ಕುಲಿ, ಕರ್ಜಿಕಾಯಿ, ಉಂಡೆ, ಸೌದೆ ಒಲೆಯ ಮುಂದೆ ಬೆವರು ಸುರಿದು ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು, ಆಮೇಲೆ ಕುಡಿದರಾಯಿತು, ಆಮೇಲೆ. ಅಮ್ಮನಿಗೂ ಹೀಗೇ ಏನೋ ಆಗಿತ್ತು, ನನ್ನ ತಮ್ಮ ಹುಟ್ಟಿದಾಗ, ಕಾಲು ಬಾತು ಕಂಬದ ಹಾಗಾಗಿ ಒಳಗೆ ರಕ್ತ ಕಟ್ಟಿಕೊಂಡಿದೆ ಎಂದಿದ್ದರಂತೆ ಸಕಲೇಶಪುರದ ಡಾಕ್ಟರು, ಅದು ಈಗ ಯಾಕೆ ನೆನಪಾಯಿತೋ. ತಲೆನೋವಿಗೂ ಮಾತ್ರೆಗೂ ಏನು ಸಂಬಂಧ ಎಂದು ನಾನು ಯೋಚಿಸಲೇ ಇಲ್ಲ, ಒಂದು ಹೊಟ್ಟೆಯ ಕೆಳಗಿನ ವಿಚಾರ, ಇನ್ನೊಂದು ಕತ್ತಿನ ಮೇಲಿನದು.

ನಿಂತುಕೊಂಡರೆ ಒಂದು ಗಳಿಗೆ ಕಣ್ಣು ಮಂಜಾಗಿ ಮತ್ತೆ ತಿಳಿಯಾಗುತ್ತಿತ್ತು, ಯಾರೋ ಪರದೆ ಎಳೆದು ಸರಿಸಿದ ಹಾಗೆ, ಮೊನ್ನೆ ಸಕ್ಕರೆ ಕೊಡಿ ಎನ್ನಲು ಹೋಗಿ ಬಾಗಿಲು ಕೊಡಿ ಎಂದೆ, ಇವರು ನಕ್ಕರು, ಹೊಸ ಮನೆ ಹುಚ್ಚು ನಿನ್ ತಲೆಗೇ ಹತ್ಬುಡ್ತು ಮಾರಾಯ್ತಿ, ಕನಸಲ್ಲೂ ಬಾಗ್ಲು ಕಿಟಕಿ, ನಾನೂ ನಕ್ಕೆ, ಕಾಫಿ ಲೋಟ ತೋರಿಸಿದೆ, ಮೆಣಸನ್ನು ಅಂಗೈಯಲ್ಲಿ ತೂಗಿ ಹೊರಳಿಸಿ ಇದು ಬಾಳ್ಳುಪೇಟೆಯದು ಇದು ಆಲೂರು ಕಡೆಯದು ಎಂದು ಹೇಳುವ ಮನುಷ್ಯ, ಮನೆಯೊಳಗಿನ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಮಾತ್ರ ಇವತ್ತಿಗೂ ಗೊತ್ತಿಲ್ಲ, ಆದರೂ ಎದ್ದು ಹುಡುಕಿ ತಂದುಕೊಟ್ಟರು, ತಂದದ್ದು ಉಪ್ಪು. ಇವತ್ತು ಬೆಳಿಗ್ಗೆ ನಾಳೆಯ ಪೂಜೆಗೆಂದು ಹೂರಣ ರುಬ್ಬಿ ಉಂಡೆ ಕಟ್ಟುತ್ತಿದ್ದೆ, ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ಕುಣಿಯಿತು, ನಾನು ನೋಡುತ್ತಿದ್ದೇನೆ, ಅದು ಯಾರದೋ ಬೆರಳು, ಆಮೇಲೆ ಕೈ, ತೋಳು, ಬಾಯಿ ಒಂದು ಕಡೆಗೆ ಎಳೆಯಿತು, ಹೂರಣದ ತಪ್ಪಲೆ ಉರುಳಿದ ಸದ್ದು, ಅಷ್ಟೆ — ಮತ್ತೆ ಕಣ್ಣು ಬಿಟ್ಟಾಗ ಹೊಸ ನೆಲದ ಮೇಲೆ ಬಿದ್ದಿದ್ದೆ, ಕೈಗೆ ಕಬ್ಬಿಣ ಹಿಡಿಸಿದ್ದರು, ಮೂಗಿಗೆ ಈರುಳ್ಳಿ, ಇವರು ನನ್ನ ಹೆಸರು ಕೂಗುತ್ತಿದ್ದರು, ಜಗದಾಂಬ, ಜಗದಾಂಬ, ಮದುವೆಯಾದಾಗಿನಿಂದ ಇವರು ನನ್ನ ಹೆಸರನ್ನು ಪೂರ್ತಿ ಕರೆದದ್ದು ಅದೇ ಮೊದಲು. ಚೆನ್ನಾಗಿತ್ತು ಕೇಳಲು. ಇನ್ನೊಂದು ಸಲ ಕರೆಯಿರಿ ಎನ್ನೋಣವೆಂದರೆ ಬಾಗಿಲು ಬಂತು.

ಜೀಪು ಕುಲುಕುತ್ತದೆ, ಒಂದೊಂದು ಗುಂಡಿಯೂ ನನ್ನ ಕಿವಿಯ ಹಿಂದೆ ಬಂದು ಬೀಳುತ್ತದೆ, ಬೈರಾಪುರ ಬಂತು ಎನ್ನುತ್ತಾರೆ ಇವರು, ಯಾರೂ ಕೇಳಿರಲಿಲ್ಲ. ಅತ್ತೆ ಮಾತಾಡುತ್ತಲೇ ಇದ್ದಾರೆ, ಹೆದರಿದಾಗ ಅವರ ಬಾಯಿ ನಿಲ್ಲುವುದಿಲ್ಲ, ನನ್ನ ಹಣೆ ಸವರುತ್ತ, ಪೂಜೆಯೂ ಬ್ಯಾಡ ಗೀಜೆಯೂ ಬ್ಯಾಡ, ನೀನೆದ್ದು ಕುಂತ್ಕಂಡ್ರೆ ಸಾಕು, ನನ್ ಆಸೆಗೆ ನಿನ್ನ ಒಲೆ ಮುಂದೆ ಕೊಳೆ ಹಾಕ್ಬುಟ್ಟೆ, ಇನ್ನೊಂದು ಹೇಳ್ಬೇಕಿತ್ತು ಕಣೆ ನಿಂಗೆ, ನಾಚ್ಕೆ ಆಗಿ ಹೇಳಿರ್ಲಿಲ್ಲ, ಹೋದ ತಿಂಗಳು ಮಠಕ್ಕೆ ಹೋಗಿದ್ನಲ್ಲ, ಆವಾಗ ಬುದ್ಧಿಯೋರನ್ನ ಕೇಳ್ದೆ, ಬುದ್ಧಿ ಅವತ್ತು ನನ್ ಸೊಸೆ ಹೊರಗಾಗಿದ್ರೆ ಏನ್ ಮಾಡಾದು ಅಂತ, ಅವ್ರು ನಕ್ಬುಟ್ರು, ಲಿಂಗ ಕಟ್ಟಿದ ಮಗಳಿಗೆ ಎಂಥ ಸೂತಕ ತಾಯಿ, ಅವಳೇ ನೀರು ಹಾಕ್ಲಿ ಅಂದ್ರು, ನಾನು ಇಷ್ಟ್ ವರ್ಷ ನಿನ್ನ ಮೂಟೆ ಪಕ್ಕ ಕೂರಿಸಿದ್ನಲ್ಲ, ಯಾವ ಮಕ ಇಟ್ಕಂಡು ಹೇಳ್ಲಿ, ಬಂದಾಗ ಹೇಳಿದ್ರಾಯ್ತು ಅಂತ ಸುಮ್ಕಿದ್ದೆ, ಬರ್ಲೇ ಇಲ್ವಲ್ಲ ನಿಂಗೆ, ನಿಂತೇಹೋಯ್ತೇನೋ ಅಂದ್ಕಂಡೆ. ಅತ್ತೆ, ಅತ್ತೆ, ಅಯ್ಯೋ ನನ್ನ ಹುಚ್ಚು ಅತ್ತೆ. ನೀವು ಹೇಳಲು ನಾಚಿಕೊಂಡಿರಿ, ನಾನು ಕೇಳಲು ನಾಚಿಕೊಂಡೆ, ಒಂದೇ ಅಡುಗೆಮನೆಯಲ್ಲಿ ಒಂದೇ ಒಲೆಯ ಮುಂದೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದೆವು, ನಡುವೆ ಮೆಂತ್ಯದ ಡಬ್ಬಿ. ನಗಬೇಕೆನ್ನಿಸಿತು ನನಗೆ, ಕಣ್ಣಿನಿಂದ ನೀರು ಬಂತು, ನೋವಾಗ್ತೈತಾ ಮಗ, ಎಂದು ಅತ್ತೆ ಸೆರಗಿನಿಂದ ಒರೆಸಿದರು, ಸೆರಗಿನಲ್ಲಿ ಹೂರಣದ ಏಲಕ್ಕಿ ವಾಸನೆ ಇತ್ತು.

ಬಿಳಿ ಗೋಡೆ, ಗಾಲಿಯ ಮಂಚ, ಮೈಯನ್ನು ದೊಡ್ಡ ಬಳೆಯೊಳಗೆ ತೂರಿಸಿದರು, ಅಲುಗಾಡಬೇಡಿ ಎಂದಿತು ಒಂದು ದನಿ, ಅಲುಗಾಡಲು ನನ್ನಲ್ಲಿ ಉಳಿದಿದ್ದಾದರೂ ಏನು, ಮತ್ತೆ ಹೊರಗೆ, ಮತ್ತೆ ಅತ್ತೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಮ್ಮ ಮಗಳು ಮಾನಸಾಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು, ಕಣ್ಣಿಗೆ ಬೆಳಕು ಬಿಟ್ಟು ಬಗ್ಗಿ ನೋಡುತ್ತಾಳೆ, ಅವಳ ಉಸಿರು ಕೆನ್ನೆಗೆ ತಾಗುತ್ತದೆ, ತಲೆಯೊಳಗೆ ಒತ್ತಡ ಜಾಸ್ತಿ ಇದೆ, ಕಣ್ಣಿನ ನರ ಊದಿಕೊಂಡಿದೆ, ಎನ್ನುತ್ತಾಳೆ, ಕಪ್ಪು ಹಾಳೆಯನ್ನು ದೀಪಕ್ಕೆ ಹಿಡಿದು ಇವರಿಗೆ ತೋರಿಸುತ್ತಾಳೆ, ನೋಡಿ, ತಲೆಗೆ ರಕ್ತ ತಗೊಂಡು ಹೋಗೋ ನಾಳ ಬೇರೆ, ವಾಪಸ್ ತರೋ ನಾಳ ಬೇರೆ, ನನಗೆ ಅನುಮಾನ ಇರೋದು ವಾಪಸ್ ತರೋದರ ಮೇಲೆ, ಅದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಹಿಂದೆ ಒತ್ತಡ ಏರಿ ಹೀಗೆ ರಕ್ತ ಸೋರುತ್ತೆ. ಅಂದ್ರೆ ಗದ್ದೆ ಬದೀನ ಕಂಡಿಗೆ ಸೊಪ್ಪು ಸಿಕ್ಕಂಡಂಗೆ ಮೇಡಂ, ಎಂದರು ಇವರು, ಮೇಲಿಂದ ನೀರು ಬತ್ತಾನೇ ಇರ್ತದೆ, ಕೆಳಕ್ಕೆ ಹೋಗಲ್ಲ. ಹೌದು, ಹಾಗೇ, ಆದರೆ ಖಚಿತ ಇಲ್ಲ, ಬಿ.ಪಿ. ಏರಿ ನಾಳ ಒಡೆದಿದ್ದರೂ ಸ್ಕ್ಯಾನಿನಲ್ಲಿ ಹೀಗೇ ಕಾಣಬಹುದು, ಹೆಪ್ಪಾದರೆ ರಕ್ತ ತೆಳು ಮಾಡೋ ಇಂಜೆಕ್ಷನ್ ಈಗಲೇ ಶುರು ಮಾಡಬೇಕು, ಒಡೆದದ್ದಾದರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಬರುತ್ತೆ, ಗೊತ್ತಾಗೋ ದೊಡ್ಡ ಸ್ಕ್ಯಾನಿಗೆ ಬೆಂಗಳೂರಿಗೆ ಹೋಗಬೇಕು, ಅಷ್ಟು ಹೊತ್ತು ಕಾಯೋದಕ್ಕೆ ನನಗೆ ಧೈರ್ಯ ಇಲ್ಲ, ಅದಕ್ಕೇ ಕೇಳ್ತಿದೀನಿ, ಸರಿಯಾಗಿ ಯೋಚಿಸಿ ಹೇಳಿ, ಸುಮ್ಮನೆ ಹೆಪ್ಪುಗಟ್ಟೋದಿಲ್ಲ, ಈಚೆಗೆ ಹೆರಿಗೆ ಗಿರಿಗೆ, ಗರ್ಭ ಇಳಿದದ್ದು? ಇಲ್ಲ. ಯಾವುದಾದರೂ ಮಾತ್ರೆ, ಮಕ್ಕಳಾಗದ ಹಾಗೆ, ಮುಟ್ಟು ಮುಂದೆ ಹೋಗುವ ಹಾಗೆ? ಇವರು ತಲೆ ಎತ್ತಿದರು, ಇಲ್ಲ ಮೇಡಂ, ಇವಳು ಒಂದು ಗುಳಿಗೆ ನುಂಗೋಳಲ್ಲ, ಜ್ವರ ಬಂದ್ರೂ ಮೆಣಸಿನ ಕಷಾಯ ಕುಡ್ಕಂಡು ಓಡಾಡೋಳು, ಗಟ್ಟಿ ಹೆಣ್ಣು. ಎಷ್ಟು ಹೆಮ್ಮೆಯಿಂದ ಹೇಳಿದರು. ನನ್ನನ್ನು ಇವರು ಯಾರ ಮುಂದೆಯೂ ಹೀಗೆ ಹೊಗಳಿದ್ದಿಲ್ಲ, ಹೊಗಳಲು ಇವತ್ತೇ ಸಿಕ್ಕಿತೇ ಮಹರಾಯರಿಗೆ.

ಇದೆ, ಮಾತ್ರೆ ಇದೆ, ನುಂಗಿದ್ದೇನೆ, ಮೆಂತ್ಯದ ಡಬ್ಬಿಯಲ್ಲಿದೆ — ಬಾಗಿಲು. ಅಲ್ಲ. ಬಾಗಿಲು ಅಲ್ಲ, ಮಾ, ಮಾ — ಬಾಗಿಲು, ಬಾಗಿಲು, ಬಾಗಿಲು ಹಾಕಿ ಎಂದು ಯಾರೋ ನರ್ಸಿಗೆ ಹೇಳಿದರು, ನಿಜವಾದ ಬಾಗಿಲು ಮುಚ್ಚಿತು. ಡಾಕ್ಟರಮ್ಮ ಕಾಗದದ ಮೇಲೆ ಬರೆಯುತ್ತಿದ್ದಾಳೆ, ಹಾಗಾದರೆ ಬೆಂಗಳೂರಿಗೇ ಕರ್ಕೊಂಡು ಹೋಗಿ, ಆಂಬುಲೆನ್ಸಿಗೆ ಹೇಳ್ತೀನಿ, ದಾರಿಯಲ್ಲಿ ಮತ್ತೆ ಫಿಟ್ಸ್ ಬಂದರೆ — ಎಂದು ನಿಲ್ಲಿಸಿದಳು, ಆಮೇಲಿನದನ್ನು ಹೇಳಲಿಲ್ಲ, ನಾನು ಕೇಳಿಸಿಕೊಂಡೆ. ನಾನು ಸಾಯಬಹುದು ಎಂದು ಮೊದಲ ಸಲ ಅನ್ನಿಸಿತು, ಹೆದರಿಕೆಯಾಯಿತು, ತುಂಬ ಹೆದರಿಕೆಯಾಯಿತು, ಮಾನಸಾ ಹಾಸ್ಟೆಲಿನಿಂದ ಬಂದು ಮೆಂತ್ಯದ ಡಬ್ಬಿ ತೆಗೆದು ನೋಡುತ್ತಾಳೆ ಒಂದು ದಿನ, ಅಷ್ಟು ಹೊತ್ತಿಗೆ — ಬೇಡ. ಎಡಗೈ ಇದೆ. ಎಡಗೈಗೆ ಏನೂ ಆಗಿಲ್ಲ, ಅದು ಇನ್ನೂ ನನ್ನದು, ಸೆರಗನ್ನು ಬಿಟ್ಟು ಅತ್ತೆಯ ಕೈ ಹುಡುಕಿದೆ, ಬಲಗೈ, ಮುಷ್ಟಿ ಕಟ್ಟಿದ್ದಾರೆ, ಒಂದೊಂದೇ ಬೆರಳು ಬಿಡಿಸಿದೆ, ಅಂಗೈ ಮೇಲೆ ಮಾಡಿದೆ, ಎರಡು ಅಂಗೈ ಕಂಡಿತು, ಒಂದು ಕಣ್ಣು ಮುಚ್ಚಿದೆ, ಒಂದಾಯಿತು, ಅದೇ ತಗ್ಗು, ಅರಿಶಿನದ ಗೀರು, ಹೂರಣ ಒಣಗಿ ಅಂಟಿಕೊಂಡಿದೆ, ಹೆಬ್ಬೆರಳನ್ನು ಆ ತಗ್ಗಿಗಿಟ್ಟು ಒತ್ತಿದೆ. ಟಕ್. ಸದ್ದು ಬರಲಿಲ್ಲ, ನನ್ನೊಳಗೆ ಬಂತು. ಇನ್ನೊಂದು ಸಲ. ಟಕ್. ಅತ್ತೆ ನೋಡಿದರು, ಮಗನನ್ನು ಕರೆದರು, ಅಯ್ಯೋ ದಯಾನಂದ, ನೋಡ್ಲಾ ಇಲ್ಲಿ, ನನ್ ಗುಳಿಗೆ ನೆನಪು ಮಾಡ್ತಾವ್ಳೆ ಕಣೋ, ಈ ಸ್ಥಿತೀಲೂ ಇವಳಿಗೆ ನನ್ ಬಿ.ಪಿ. ಚಿಂತೆ, ನುಂಗ್ತೀನಿ ಕಣೆ, ನುಂಗ್ತೀನಿ ನನ್ನವ್ವ, ನೀನು ಸುಮ್ಕಿರು, ಎಂದು ಜೋರಾಗಿ ಅತ್ತರು.

ಅಲ್ಲ ಅತ್ತೆ, ನಿಮ್ಮದಲ್ಲ. ಅಳಬೇಡಿ, ನೋಡಿ. ಮತ್ತೆ ಒತ್ತಿದೆ, ಟಕ್, ಆ ಅಂಗೈಯನ್ನು ಹಿಡಿದು ಎಳೆದೆ, ನನ್ನ ಬಾಯಿಯ ಹತ್ತಿರ ತಂದೆ, ತಗ್ಗಿಗೆ ತುಟಿ ಇಟ್ಟೆ, ಉಪ್ಪು, ಬೆಲ್ಲ, ಕಣ್ಣೀರು, ನುಂಗಿದ ಹಾಗೆ ಗಂಟಲು ಎತ್ತಿ ಇಳಿಸಿದೆ, ಆಮೇಲೆ ಅದೇ ಕೈಯನ್ನು ಕೆಳಗೆ ತಂದು ಹೊಕ್ಕುಳಿನ ಕೆಳಗೆ ಒತ್ತಿ ಹಿಡಿದೆ, ಅವರ ಕಣ್ಣನ್ನೇ ನೋಡಿದೆ, ಹೆಣ್ಣಿಗೆ ಹೆಣ್ಣು ಹೇಳುವುದು ಇಷ್ಟೇ, ಇದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ ಅತ್ತೆ, ತಿಳಿದುಕೊಳ್ಳಿ. ಅಳು ನಿಂತಿತು. ಕೈ ನನ್ನ ಹೊಟ್ಟೆಯ ಮೇಲೆ ಹಾಗೇ ಇದೆ, ಬಿಸಿಯಾಗಿದೆ, ಅತ್ತೆ ಬಗ್ಗಿದರು, ಎರಡು ಮುಖ ಒಂದಾಗುವಷ್ಟು ಹತ್ತಿರ, ಜಗ್ದಿ, ನೀನೂ ನುಂಗ್ತಿದ್ದಾ, ಎಂದರು ಸಣ್ಣಗೆ, ಹೊರಗಾಗ್ದಂಗೆ, ನನ್ ಪೂಜೆಗೆ ಅಂತ? ನಾನು ಕಣ್ಣು ಮುಚ್ಚಿ ತೆರೆದೆ. ಅತ್ತೆ ನೆಟ್ಟಗೆ ನಿಂತರು. ಗೋಡೆಯ ಕಡೆ ತಿರುಗಲಿಲ್ಲ. ಮಗನ ಮುಂದೆ, ಬಂದು ನಿಂತಿದ್ದ ಆಂಬುಲೆನ್ಸಿನ ಡ್ರೈವರನ ಮುಂದೆ, ಪಕ್ಕದ ಮಂಚದ ಗಂಡಸಿನ ಮುಂದೆ, ಡಾಕ್ಟರವ್ವ ಬರೆಯದ್ ನಿಲ್ಸಿ, ಎಂದರು, ಇವಳು ಮುಟ್ಟಾಗ್ದೇ ಇರಾಕೆ ಗುಳಿಗೆ ನುಂಗವಳೆ, ಶ್ರಾವಣ ಎಲ್ಲ ಮುಟ್ಟಾಗಿಲ್ಲ ಇವಳು, ನಂಗೊತ್ತು, ಸ್ವಾಮಾರದಲ್ಲಿ ನೀರೂ ಕುಡ್ದಿಲ್ಲ, ಬರ್ಕೊಳ್ಳಿ. ಮುಟ್ಟು ಎಂದರು. ಕಾಗೆ ಎನ್ನಲಿಲ್ಲ, ಎಷ್ಟು ಜೋರಾಗಿ ಎಂದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ, ಹೌದಾ ಅಮ್ಮ, ಹೌದಾದರೆ ಕೈ ಒತ್ತಿ, ಎಂದು ಎಡಗೈಯೊಳಗೆ ಬೆರಳಿಟ್ಟಳು, ಒತ್ತಿದೆ, ಇದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದೆ. ಸಿಸ್ಟರ್, ಇಂಜೆಕ್ಷನ್ ತನ್ನಿ, ಡ್ರಿಪ್ ಹಾಕಿ, ಬೇಗ. ಬೇಗ ಎಂಬ ಮಾತು ಓಡಾಡಿತು ಕೋಣೆಯ ತುಂಬ.

ಸೂಜಿ ಚುಚ್ಚಿದ್ದು ಗೊತ್ತಾಯಿತು, ಒಳಗೆ ತಣ್ಣಗೆ ಏನೋ ಹರಿಯಿತು, ಬಾಟಲಿಯ ನೀರು ತೊಟ್ಟು ತೊಟ್ಟಾಗಿ ಇಳಿಯುತ್ತಿದೆ, ಕಂಡಿ ಬಿಡಿಸುತ್ತಿರಬೇಕು ಯಾರೋ, ಗುದ್ದಲಿ ಹಾಕಿ ಮೆಲ್ಲಗೆ, ಸೊಪ್ಪು ಕೊಳೆತು ಗಟ್ಟಿಯಾಗಿರುತ್ತದೆ, ಒಂದೇ ಸಲ ಎಳೆಯಬಾರದು, ನಿಧಾನ, ಇವರಿಗೆ ಗೊತ್ತು ಹೇಗೆ ಎಂದು. ಜಗದಾಂಬ, ಎನ್ನುತ್ತಿದ್ದಾರೆ ಇವರು, ಪೂರ್ತಿ ಹೆಸರು, ಸಂಜೆಯಾಗಿದೆಯೇನೋ, ಕಿಟಕಿಯಲ್ಲಿ ಬೆಳಕು ಹಳದಿಯಾಗಿದೆ, ಹಾಸನದಲ್ಲೂ ದೀಪ ಹಚ್ಚುವ ಹೊತ್ತಿಗೆ ಹೀಗೇ ಇರುತ್ತದೆ, ಅತ್ತೆಯ ಮಾತ್ರೆ ಮನೆಯಲ್ಲೇ ಉಳಿಯಿತು, ಅದನ್ನೂ ಯಾರಾದರೂ ಡಾಕ್ಟರಮ್ಮನಿಗೆ ಹೇಳಬೇಕು, ಯಾರು ಒತ್ತಿಕೊಡುತ್ತಾರೆ, ಅವರಿಗೆ ಬಿಡಿಸಲು ಬರುವುದಿಲ್ಲ, ಪುಡಿ ಮಾಡುತ್ತಾರೆ, ಜಂಬ — ಬಾಗಿಲು, ಹೋಳಿಗೆ, ಮಾತು ಒಂದೊಂದೇ ದೂರ ಸರಿಯುತ್ತಿದೆ, ಸರಿಯಲಿ, ನಾಳೆ ಹುಡುಕಿದರಾಯಿತು, ಮಂಚದ ಅಂಚಿನಲ್ಲಿ ಅಂಗೈ ಇದೆ, ಮೇಲೆ ಮಾಡಿಕೊಂಡು ನನ್ನ ಬೆರಳ ಕೆಳಗೆ ಇಟ್ಟಿದ್ದಾರೆ, ತೆಗೆಯುತ್ತಿಲ್ಲ, ಒತ್ತು ಕಣೆ, ಇನ್ನೊಂದ್ಸಲ ಒತ್ತು, ಎನ್ನುತ್ತಿದ್ದಾರೆ ಅತ್ತೆ, ನೀನು ಒತ್ತಾ ಇದ್ರೆ ನಂಗೆ ಧೈರ್ಯ. ಒತ್ತುತ್ತೇನೆ. ಅಂಗೈ. ಅದರ ನಡುವೆ ತಗ್ಗು. ತಗ್ಗಿನಲ್ಲಿ ನನ್ನ ಹೆಬ್ಬೆರಳು, ಟಕ್ — ಅಂಗೈ, ತಗ್ಗು, ಟಕ್ — ಅಂಗೈ